ಬಿದ್ದ ಹೊನ್ನು, ಹೂತ ನಿಧಿ: ಸಿಕ್ಕಿದ ಧನದ ಒಡೆತನವನ್ನು ಕುರಿತು

ವಿಜಯನಗರ ಕಾಲದ ತಾಮ್ರಶಾಸನಗಳನ್ನು ಓದಿದವರಿಗೆ ಅಷ್ಟಭೋಗಗಳ ಪಟ್ಟಿ ಚಿರಪರಿಚಿತವಾದುದು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳೊಡನೆ ಗ್ರಾಮವನ್ನು ದಾನ ಮಾಡಿದುದಾಗಿ ಹೇಳುವ ಈ ಮಾತು ಶಾಸನದಿಂದ ಶಾಸನಕ್ಕೆ ಅಚ್ಚೊತ್ತಿದಂತೆ ಬರುವುದರಿಂದ ಓದುವವರ ಕಣ್ಣು ಸಾಮಾನ್ಯವಾಗಿ ಅದರ ಮೇಲೆ ನಿಲ್ಲುವುದಿಲ್ಲ. ದಾನಿ ಯಾರು, ಪ್ರತಿಗ್ರಹಿ ಯಾರು, ತಿಥಿ ಯಾವುದು, ಗ್ರಾಮದ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದರ ಕಡೆಗೇ ಅದು ಧಾವಿಸುತ್ತದೆ. ನಾನೂ ಬಹುಕಾಲ ಹಾಗೆಯೇ ಓದಿಕೊಂಡು ಬಂದವನು. ಎರಡು ವರ್ಷಗಳ ಹಿಂದೆ ತರಗತಿಯಲ್ಲಿ ಇಂತಹ ಒಂದು ಶಾಸನಪಾಠವನ್ನು ವಿವರಿಸುತ್ತಿದ್ದಾಗ, ವ್ಯವಸಾಯದ ಮನೆತನದಿಂದ ಬಂದ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ನಿಧಿಯೇನೋ ದಾನ ಪಡೆದವರದಾಯಿತು, ಆದರೆ ನೇಗಿಲಿನ ಬಾಯಿಗೆ ಅದು ಸಿಕ್ಕುವುದು ಉಳುವವನ ಕೈಯಲ್ಲಲ್ಲವೆ, ಅವನಿಗೇನು ಎಂದು ಕೇಳಿದನು. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ದಾರಿಯಲ್ಲಿ ಬಿದ್ದ ಹಣವನ್ನು ಇಟ್ಟುಕೊಳ್ಳಬೇಕೆ, ಹಿಂದಿರುಗಿಸಬೇಕೆ ಎಂಬುದು ಇಂದು ನಮಗೆ ಕೇವಲ ವ್ಯಕ್ತಿಯ ಅಂತಃಸಾಕ್ಷಿಗೆ ಸೇರಿದ ವಿಷಯವೆಂದು ತೋರುತ್ತದೆ. ಆದರೆ ಇದಕ್ಕೊಂದು ಚರಿತ್ರೆಯಿದೆ. ಸಿಕ್ಕಿದ ಧನವು ಯಾರದು ಎಂಬ ಪ್ರಶ್ನೆಗೆ ನಮ್ಮ ಧರ್ಮಶಾಸ್ತ್ರಕಾರರೂ ಅರಸರೂ ಕಾಲಕಾಲಕ್ಕೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳಲ್ಲಿ ಕಂಡುಕೊಂಡವನಿಗೆ ಇಷ್ಟು ಪಾಲು, ರಾಜನಿಗೆ ಇಷ್ಟು ಪಾಲು ಎಂಬ ಲೆಕ್ಕವಿದೆ. ಆ ಲೆಕ್ಕವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಯಾರಿಂದ ಎಷ್ಟು ಪ್ರಾಮಾಣಿಕತೆಯನ್ನು ನಿರೀಕ್ಷಿಸಲಾಯಿತು, ಅದಕ್ಕೆ ಪ್ರತಿಯಾಗಿ ಅವರಿಗೆ ಏನು ಕೊಡಲಾಯಿತು ಎಂಬುದನ್ನು ನೋಡಿದರೆ, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನ ಮೇಲೆಯೇ ಈ ಧರ್ಮಸಂಕಟದ ಭಾರ ಹೆಚ್ಚಾಗಿ ಬಿದ್ದಿತೆಂದು ನನಗೆ ಕಂಡುಬಂದಿದೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಶಾಸ್ತ್ರಕಾರರು ಸಿಕ್ಕಿದ ಧನವನ್ನು ಎರಡಾಗಿ ವಿಂಗಡಿಸುತ್ತಾರೆ. ಒಡೆಯನು ಈಚೆಗೆ ಕಳೆದುಕೊಂಡದ್ದು, ಹುಡುಕಿಕೊಂಡು ಬರಬಹುದಾದದ್ದು ಒಂದು; ಇದಕ್ಕೆ ಪ್ರಣಷ್ಟ ಅಥವಾ ನಷ್ಟದ್ರವ್ಯವೆಂದು ಹೆಸರು. ಬಹುಕಾಲದ ಹಿಂದೆ ಯಾರೋ ನೆಲದಲ್ಲಿ ಹೂತಿಟ್ಟು ಮರೆತದ್ದು ಅಥವಾ ಹೂತವರೇ ಅಳಿದುಹೋದದ್ದು ಇನ್ನೊಂದು, ಇದೇ ನಿಧಿ. ಮೊದಲನೆಯದರಲ್ಲಿ ಒಡೆಯನು ಇದ್ದಾನೆ, ಕಾಣುತ್ತಿಲ್ಲ ಅಷ್ಟೆ. ಎರಡನೆಯದರಲ್ಲಿ ಒಡೆಯನ ಸ್ಥಾನವೇ ಶೂನ್ಯವಾಗಿದೆ. ಆ ಶೂನ್ಯದಲ್ಲಿ ರಾಜನು ಬಂದು ಕುಳಿತುಕೊಳ್ಳುತ್ತಾನೆ.

ಕಳೆದುಹೋದ ವಸ್ತುವಿನ ವಿಷಯದಲ್ಲಿ ಗೌತಮ ಧರ್ಮಸೂತ್ರದ ವಿಧಿ ಸರಳವಾಗಿದೆ. ಕಂಡುಕೊಂಡವನು ರಾಜನಿಗೆ ತಿಳಿಸಬೇಕು. ರಾಜನು ಸಾರಿಸಿ ಒಂದು ವರ್ಷ ಕಾಪಾಡಬೇಕು. ಒಡೆಯನು ಬಾರದಿದ್ದರೆ ಕಾಲುಭಾಗ ಕಂಡುಕೊಂಡವನಿಗೆ, ಉಳಿದುದು ರಾಜನಿಗೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ಅವಧಿ ಮೂರು ವರ್ಷಕ್ಕೆ ಏರುತ್ತದೆ. ತನ್ನದೆಂದು ಹೇಳಿಕೊಂಡು ಬಂದವನು ವಸ್ತುವಿನ ರೂಪ, ಸಂಖ್ಯೆ, ಕಳೆದುಹೋದ ದೇಶಕಾಲಗಳನ್ನು ಸರಿಯಾಗಿ ಹೇಳಬೇಕು. ಹೇಳಲಾರದಿದ್ದರೆ ಅದರ ಬೆಲೆಯಷ್ಟೇ ದಂಡ ತೆರಬೇಕು. ಸತ್ಯವನ್ನೇ ಹೇಳಿದವನಿಂದಲೂ ರಾಜನು ಆರರಲ್ಲಿ ಒಂದು, ಹತ್ತರಲ್ಲಿ ಒಂದು, ಇಲ್ಲವೆ ಹನ್ನೆರಡರಲ್ಲಿ ಒಂದು ಭಾಗವನ್ನು ತೆಗೆದುಕೊಳ್ಳಬಹುದು. ಇದು ಕಾಪಾಡಿದ ಕೂಲಿ. ಇಲ್ಲಿ ಪರೀಕ್ಷೆ ನಡೆಯುತ್ತಿರುವುದು ಒಡೆಯನೆಂದು ಬಂದವನಿಗೆ. ಕಂಡುಕೊಂಡವನ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ.

ನಿಧಿಯ ವಿಷಯಕ್ಕೆ ಬಂದರೆ ವರ್ಣಭೇದವು ಪ್ರವೇಶಿಸುತ್ತದೆ. ವಿದ್ವಾಂಸನಾದ ಬ್ರಾಹ್ಮಣನಿಗೆ ನಿಧಿ ಸಿಕ್ಕಿದರೆ ಅವನು ಇಡಿಯಾಗಿ ಇಟ್ಟುಕೊಳ್ಳಬಹುದೆಂದು ಮನು ಹೇಳುತ್ತಾನೆ. ಎಲ್ಲದಕ್ಕೂ ಅವನೇ ಒಡೆಯನೆಂಬುದು ಅದಕ್ಕೆ ಕೊಟ್ಟ ಕಾರಣ. ರಾಜನಿಗೇ ಸಿಕ್ಕಿದರೆ ಅರ್ಧ ಬ್ರಾಹ್ಮಣರಿಗೆ, ಅರ್ಧ ಬೊಕ್ಕಸಕ್ಕೆ. ರಾಜನಿಗೆ ಈ ಹಕ್ಕು ಏಕೆಂದರೆ ಅವನು ಭೂಮಿಯ ಅಧಿಪತಿ, ರಕ್ಷಕ. ನಾರದನು ಮಾತ್ರ ಇಲ್ಲಿ ಒಂದು ಬಿಗಿಯನ್ನು ತಂದಿದ್ದಾನೆ. ನಿಧಿ ಸಿಕ್ಕಿದ ಬ್ರಾಹ್ಮಣನೂ ಬೇಗನೆ ರಾಜನಿಗೆ ನಿವೇದಿಸಿ, ಅವನು ಕೊಟ್ಟ ಮೇಲೆ ಅನುಭವಿಸಬೇಕು. ನಿವೇದಿಸದಿದ್ದರೆ ಅವನೂ ಕಳ್ಳನೇ. ಹೀಗೆ ಧರ್ಮಶಾಸ್ತ್ರಗಳೆಲ್ಲ ಒಂದೇ ಸ್ವರದಲ್ಲಿ ಮಾತನಾಡುತ್ತವೆಂದು ಭಾವಿಸುವುದು ತಪ್ಪು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧರ್ಮಕ್ಕಿಂತ ಬೊಕ್ಕಸದ ಚಿಂತೆ ಹೆಚ್ಚು. ಗಣಿ, ರತ್ನ, ನಿಧಿಗಳ ಸುಳಿವು ತಂದವನಿಗೆ ಆರರಲ್ಲಿ ಒಂದು ಭಾಗ. ಆದರೆ ಅವನು ಸಂಬಳದ ಆಳಾಗಿದ್ದರೆ ಹನ್ನೆರಡರಲ್ಲಿ ಒಂದು. ಒಂದು ಲಕ್ಷಕ್ಕೆ ಮೀರಿದ ನಿಧಿ ರಾಜನಿಗೇ ಸಲ್ಲುತ್ತದೆ. ಶುಚಿಯಾದ ಜಾನಪದನು ತನ್ನ ಪೂರ್ವಿಕರ ನಿಧಿಯೆಂದು ಸಾಕ್ಷ್ಯದಿಂದ ಸ್ಥಾಪಿಸಿದರೆ ಪೂರ್ತಿಯಾಗಿ ಪಡೆಯಬಹುದು. ಸ್ಥಾಪಿಸಲಾರದಿದ್ದರೆ 500 ಪಣ ದಂಡ, ಗುಟ್ಟಾಗಿ ತೆಗೆದುಕೊಂಡರೆ 1,000 ಪಣ. ಆಳಿಗೆ ಅರ್ಧ ಪಾಲು ಎಂಬ ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅಗೆಯುವುದಕ್ಕೆಂದೇ ಅವನಿಗೆ ಕೂಲಿ ಕೊಟ್ಟಿದೆ, ಆದಕಾರಣ ಸಿಕ್ಕಿದ್ದರಲ್ಲಿ ಅವನ ಅದೃಷ್ಟದ ಪಾಲು ಕಡಮೆಯೆಂಬುದು ಇದರ ಹಿಂದಿನ ತರ್ಕವಿರಬೇಕು. ತರ್ಕವೇನೋ ಸರಿಯೇ, ಆದರೆ ನೆಲವನ್ನು ಅಗೆಯುವವನು ಬಹುಮಟ್ಟಿಗೆ ಸಂಬಳದ ಆಳೇ ಆಗಿರುತ್ತಾನೆಂಬುದನ್ನು ಮರೆಯಬಾರದು. (ಪ್ರಸಂಗವಶಾತ್ ಒಂದು ಮಾತು: ಈ ಅರ್ಥಶಾಸ್ತ್ರವೇ ಒಂದು ಕಳೆದುಹೋದ ನಿಧಿಯಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಅದರ ತಾಳೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದರು, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಆ ಪಂಡಿತರಿಗೆ ಯಾವ ಷಷ್ಠಾಂಶವೂ ಗೊತ್ತುಮಾಡಿರಲಿಲ್ಲ.)

ಈಗ ಕರ್ನಾಟಕಕ್ಕೆ ಬರೋಣ. ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನೆಂಬುದು ಸರ್ವವಿದಿತ. ದಾಯಭಾಗದ ಪ್ರಕರಣದಿಂದಾಗಿ ಈ ಗ್ರಂಥವು ಇಪ್ಪತ್ತನೆಯ ಶತಮಾನದವರೆಗೂ ನ್ಯಾಯಾಲಯಗಳಲ್ಲಿ ಪ್ರಮಾಣವಾಗಿದ್ದಿತು. ನಿಧಿಯನ್ನು ಕುರಿತ ಅದರ ಭಾಗವನ್ನು ಓದಿದವರು ವಿರಳ. ಅಲ್ಲಿ ವಿಜ್ಞಾನೇಶ್ವರನು ಮಾಡಿರುವ ಒಂದು ಕೆಲಸ ಕುತೂಹಲಕರವಾದುದು.

ರಾಜನೂ ವಿದ್ವದ್ಬ್ರಾಹ್ಮಣನೂ ಅಲ್ಲದ ಇತರನಿಗೆ ನಿಧಿ ದೊರೆತರೆ ರಾಜನು ಷಷ್ಠಾಂಶವನ್ನು ತೆಗೆದುಕೊಳ್ಳಬೇಕೆಂದು ಯಾಜ್ಞವಲ್ಕ್ಯನ ಶ್ಲೋಕದ ಪದಗಳನ್ನು ಇದ್ದಹಾಗೆ ಓದಿದರೆ ತಿಳಿಯುತ್ತದೆ. ಎಂದರೆ ಆರರಲ್ಲಿ ಐದು ಭಾಗ ಕಂಡುಕೊಂಡವನಿಗೆ ಉಳಿಯಬೇಕು. ವಿಜ್ಞಾನೇಶ್ವರನು ಹೀಗೆ ಅರ್ಥಮಾಡುವುದಿಲ್ಲ. ರಾಜನು ಕಂಡುಕೊಂಡವನಿಗೆ ಷಷ್ಠಾಂಶವನ್ನು ಕೊಟ್ಟು ಉಳಿದ ನಿಧಿಯನ್ನು ತಾನು ತೆಗೆದುಕೊಳ್ಳಬೇಕೆಂದು ಅವನು ವಿವರಿಸುತ್ತಾನೆ. ಇದಕ್ಕೆ ವಸಿಷ್ಠ ಮತ್ತು ಗೌತಮರ ವಚನಗಳನ್ನು ಆಧಾರವಾಗಿ ಉದಾಹರಿಸುತ್ತಾನೆ. ಆ ವಚನಗಳಲ್ಲಿ ಷಷ್ಠಾಂಶವು ಕಂಡುಕೊಂಡವನದೇ ಎಂಬುದು ನಿಜ. ಆದುದರಿಂದ ಅವನ ವ್ಯಾಖ್ಯಾನ ನಿರಾಧಾರವಾದುದಲ್ಲ. ಸ್ಮೃತಿಗಳ ವಿರೋಧವನ್ನು ಪರಿಹರಿಸುವುದು ವ್ಯಾಖ್ಯಾನಕಾರನ ಕರ್ತವ್ಯವೂ ಹೌದು. ಆದರೂ ಆ ಒಂದು ವಾಕ್ಯದ ಅನ್ವಯ ತಿರುಗಿದೊಡನೆ ಉಳುವವನ ಕೈಯಲ್ಲಿದ್ದ ಐದು ಭಾಗ ಅರಮನೆಗೆ ಹೋಯಿತು, ಅರಮನೆಯ ಒಂದು ಭಾಗ ಉಳುವವನಿಗೆ ಬಂದಿತು. ವ್ಯಾಖ್ಯಾನದ ಶಕ್ತಿ ಎಂತಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ. ಚಕ್ರವರ್ತಿಯ ರಾಜಧಾನಿಯನ್ನೂ ಚಕ್ರವರ್ತಿಯನ್ನೂ ಗ್ರಂಥಾಂತ್ಯದಲ್ಲಿ ಹೊಗಳಿದ ಪಂಡಿತನು ಬೊಕ್ಕಸದ ಕಡೆಗೆ ವಾಲಿದನೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಅಷ್ಟು ದೂರ ಹೋಗುವುದು ಇತಿಹಾಸಕಾರನಿಗೆ ತರವಲ್ಲ. ಏಕೆಂದರೆ ಅದೇ ಗ್ರಂಥದಲ್ಲಿ ವಿಜ್ಞಾನೇಶ್ವರನು ರಾಜನ ಕೈಯನ್ನು ಕಟ್ಟಿಹಾಕುವ ಮಾತನ್ನೂ ಹೇಳಿದ್ದಾನೆ.

ಅದು ಕಳೆದುಹೋದ ಧನದ ಸಂದರ್ಭ. ಒಡೆಯನು ಮೊದಲನೆಯ ವರ್ಷದಲ್ಲಿಯೇ ಬಂದರೆ ರಾಜನು ಏನನ್ನೂ ಹಿಡಿದುಕೊಳ್ಳದೆ ಪೂರ್ತಿಯಾಗಿ ಹಿಂದಿರುಗಿಸಬೇಕು. ಎರಡನೆಯ ವರ್ಷದಲ್ಲಿ ಬಂದರೆ ಹನ್ನೆರಡರಲ್ಲಿ ಒಂದು, ಮೂರನೆಯ ವರ್ಷದಲ್ಲಿ ಹತ್ತರಲ್ಲಿ ಒಂದು, ಅನಂತರ ಆರರಲ್ಲಿ ಒಂದು ಭಾಗವನ್ನು ರಕ್ಷಣೆಗಾಗಿ ಹಿಡಿದುಕೊಳ್ಳಬಹುದು. ಹಾಗೆ ಹಿಡಿದುಕೊಂಡುದರಲ್ಲಿ ಕಾಲುಭಾಗ ಕಂಡುಕೊಂಡವನಿಗೆ ಸಲ್ಲಬೇಕು. ಅವಧಿ ಮುಗಿದು ರಾಜನು ಆ ಧನವನ್ನು ವ್ಯಯಮಾಡಿದ್ದರೂ, ಆಮೇಲೆ ಒಡೆಯನು ಬಂದರೆ ತನ್ನ ಭಾಗವನ್ನು ಕಳೆದು ಅಷ್ಟೇ ಬೆಲೆಯನ್ನು ಕೊಡಬೇಕು. ಮನುವಿನಲ್ಲಿ ಬಿಡಿಬಿಡಿಯಾಗಿದ್ದ ಮೂರು ಭಿನ್ನರಾಶಿಗಳನ್ನು ವಿಜ್ಞಾನೇಶ್ವರನು ಹೀಗೆ ಕಾಲಾನುಕ್ರಮದಲ್ಲಿ ಜೋಡಿಸಿ, ಒಡೆಯನ ಸ್ವತ್ತು ಕಾಲ ಕಳೆದಮಾತ್ರಕ್ಕೆ ಅಳಿಯುವುದಿಲ್ಲವೆಂಬ ತತ್ತ್ವವನ್ನು ನಿಲ್ಲಿಸಿದ್ದಾನೆ. ರಾಜನನ್ನೂ ಇಲ್ಲಿ ಅವನು ಕಂಡುಕೊಂಡವನ ಸ್ಥಾನದಲ್ಲಿಯೇ ಇಟ್ಟು ನೋಡಿದ್ದಾನೆಂದು ಹೇಳಬಹುದು.

ತಿಳಿಸದೆ ಬಚ್ಚಿಟ್ಟವನ ಗತಿಯೇನು? ಬಚ್ಚಿಟ್ಟುದು ತಿಳಿದುಬಂದರೆ ಎಲ್ಲವನ್ನೂ ಕೊಡಿಸಿ, ಮೇಲೆ ದಂಡಿಸಬೇಕು. ಆದರೆ ದಂಡಕ್ಕಿಂತ ಮೊದಲು ಸಂಶಯ ಬರುತ್ತದೆಂಬುದನ್ನು ಶಾಸ್ತ್ರಗ್ರಂಥಗಳು ಹೇಳುವುದಿಲ್ಲ, ಕಾಳಿದಾಸನು ಹೇಳಿದ್ದಾನೆ. ಶಾಕುಂತಲದ ಆರನೆಯ ಅಂಕದ ಮೊದಲಿನಲ್ಲಿ ಬರುವ ಬೆಸ್ತನು ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರವನ್ನು ಮಾರಲು ತೋರಿಸುತ್ತಿದ್ದಾಗ ಸೆರೆಸಿಕ್ಕಿದವನು. ಕಾವಲುಗಾರರು ಅವನನ್ನು ಕಟ್ಟಿ ಹೊಡೆಯುತ್ತಾರೆ, ಅವನ ಕಸುಬನ್ನು ಹೀಯಾಳಿಸುತ್ತಾರೆ, ವಧಸ್ಥಾನಕ್ಕೆ ಒಯ್ಯುವ ಮಾತನ್ನಾಡುತ್ತಾರೆ. ಒಳಗಿನಿಂದ ರಾಜನು ಉಂಗುರದ ಬೆಲೆಯಷ್ಟು ಹಣವನ್ನು ಕಳುಹಿಸಿದೊಡನೆ ಅವರ ಧಾಟಿ ಬದಲಾಗುತ್ತದೆ. ಬೆಸ್ತನು ಅರ್ಧವನ್ನು ಅವರಿಗೆ ಕೊಡುತ್ತಾನೆ. ಎಲ್ಲರೂ ಸೇರಿ ಹೆಂಡದಂಗಡಿಗೆ ಹೋಗುತ್ತಾರೆ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲದ ಮೂಲಕ ನಮ್ಮ ನಾಟಕಪ್ರಿಯರಿಗೂ ಪರಿಚಿತವಾದ ಈ ದೃಶ್ಯವನ್ನು ಹಾಸ್ಯವೆಂದು ನಕ್ಕುಬಿಡುವುದು ವಾಡಿಕೆ. ಆದರೆ ಬಡವನ ಕೈಯಲ್ಲಿ ಬೆಲೆಬಾಳುವ ವಸ್ತು ಕಂಡರೆ ಅದು ಕದ್ದದ್ದೇ ಎಂಬ ಪೂರ್ವಗ್ರಹ, ಪ್ರಾಮಾಣಿಕನಿಗೆ ಬಂದ ಬಹುಮಾನದಲ್ಲಿಯೂ ಅಧಿಕಾರದ ಕೈಗೆ ಅರ್ಧ ಹೋಗುವ ವ್ಯವಸ್ಥೆ, ಇವೆರಡನ್ನೂ ಕವಿ ಕೆಲವೇ ಮಾತುಗಳಲ್ಲಿ ತೋರಿಸಿಬಿಟ್ಟಿದ್ದಾನೆ. ಶಾಸ್ತ್ರವು ತಿಳಿಸು ಎಂದು ಆಜ್ಞಾಪಿಸುತ್ತದೆ. ತಿಳಿಸಲು ಹೋದವನು ಯಾರ ಮುಂದೆ ನಿಲ್ಲಬೇಕಾಗಿತ್ತೆಂಬುದನ್ನು ನಾಟಕದಿಂದ ಅರಿಯಬೇಕು.

ಶಾಸ್ತ್ರದ ಪಾಲುಗಳ ಮಾತು ಹೀಗಾದರೆ, ಪಾಲಿನ ಲೆಕ್ಕವನ್ನೇ ನಿರಾಕರಿಸಿದ ಪರಂಪರೆಗಳೂ ಕರ್ನಾಟಕದಲ್ಲಿ ಪ್ರಬಲವಾಗಿದ್ದುವು. ಜೈನಗೃಹಸ್ಥರ ಅಚೌರ್ಯಾಣುವ್ರತವನ್ನು ನಿರೂಪಿಸುವಾಗ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಇಟ್ಟದ್ದು, ಬಿದ್ದದ್ದು, ಮರೆತದ್ದು ಎಂದು ಪರಧನವನ್ನು ಮೂರಾಗಿ ಎಣಿಸಿ, ಅದನ್ನು ತಾನು ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೆ ಕೊಡಲೂ ಬಾರದು ಎಂದು ವಿಧಿಸುತ್ತದೆ. ಕೊನೆಯ ಮಾತು ಬಹು ಸೂಕ್ಷ್ಮವಾದುದು. ಸಿಕ್ಕಿದ ಹಣವನ್ನು ದೇವಾಲಯದ ಹುಂಡಿಗೆ ಹಾಕಿ ಅಥವಾ ಭಿಕ್ಷುಕನಿಗೆ ಕೊಟ್ಟು ಮನಸ್ಸನ್ನು ಹಗುರಮಾಡಿಕೊಳ್ಳುವುದು ನಮ್ಮಲ್ಲಿ ಬಹುಜನರ ಪದ್ಧತಿ. ತನ್ನದಲ್ಲದುದನ್ನು ದಾನಮಾಡುವ ಅಧಿಕಾರವೂ ತನಗಿಲ್ಲವೆಂದು ಈ ಗ್ರಂಥವು ಆ ದಾರಿಯನ್ನು ಮುಚ್ಚಿದೆ. ಹದಿಮೂರನೆಯ ಶತಮಾನದಲ್ಲಿ ಮಾಳವದಲ್ಲಿದ್ದ ಆಶಾಧರನು ಒಡೆಯನಿಲ್ಲವೆಂಬ ಕಾರಣದಿಂದ ನಿಧಿಯನ್ನು ತೆಗೆದುಕೊಳ್ಳಲಾಗದು, ಒಡೆಯನಿಲ್ಲದ ಧನಕ್ಕೆ ಭೂಪತಿಯೇ ದಾಯಾದಿ ಎಂದು ಸೇರಿಸಿದನು. ವ್ರತದ ಮಾತು ಇಲ್ಲಿ ರಾಜಶಾಸನದ ಮಾತಿನೊಡನೆ ಕೈಜೋಡಿಸಿದುದನ್ನು ನೋಡಬಹುದು.

ವಿಜ್ಞಾನೇಶ್ವರನ ಕಾಲದಿಂದ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಕಲ್ಯಾಣವು ಶರಣರ ಕೇಂದ್ರವಾಯಿತು. ವಚನಗಳ ಹಸ್ತಪ್ರತಿಗಳು ಹನ್ನೆರಡನೆಯ ಶತಮಾನಕ್ಕಿಂತ ಬಹಳ ಈಚಿನವು. ಅವುಗಳ ಪಾಠವನ್ನು ಶಾಸನದ ಪಾಠದಂತೆ ಕಾಲನಿರ್ದಿಷ್ಟವೆಂದು ಹಿಡಿಯಲಾಗದು. ಈ ಎಚ್ಚರದೊಡನೆಯೇ ಸತ್ಯಕ್ಕನ ಒಂದು ವಚನವನ್ನು ಇಲ್ಲಿ ನೆನೆಯಬಹುದು. ಶಿಕಾರಿಪುರ ಸೀಮೆಯ ಜಂಬೂರಿನವಳೆಂದು ಪರಂಪರೆ ಹೇಳುವ ಈಕೆಯು ಶರಣರ ಅಂಗಳವನ್ನು ಗುಡಿಸುವ ಕಾಯಕದವಳು. ಲಂಚಕ್ಕೂ ವಂಚನೆಗೂ ಕೈಯೊಡ್ಡುವುದಿಲ್ಲವೆಂದೂ, ದಾರಿಯಲ್ಲಿ ಹೊನ್ನಾಗಲಿ ವಸ್ತ್ರವಾಗಲಿ ಬಿದ್ದಿದ್ದರೆ ಮುಟ್ಟುವುದಿಲ್ಲವೆಂದೂ ಆಕೆ ತನ್ನ ದೇವರ ಮೇಲೆ ಆಣೆಯಿಡುತ್ತಾಳೆ. ಕಾರಣವನ್ನೂ ಆಕೆಯೇ ಹೇಳುತ್ತಾಳೆ: ದೇವರಿಕ್ಕಿದ ಭಿಕ್ಷೆಯಲ್ಲಿ ತಾನು ಬಾಳುತ್ತಿರುವುದರಿಂದ. ಕಸ ಗುಡಿಸುವವಳಿಗೆ ನೆಲದ ಮೇಲೆ ಬಿದ್ದದ್ದು ಕಾಣುವಷ್ಟು ಇನ್ನಾರಿಗೂ ಕಾಣುವುದಿಲ್ಲವೆಂಬುದನ್ನು ನೆನೆದರೆ ಈ ಆಣೆಯ ತೂಕ ತಿಳಿಯುತ್ತದೆ. ಲಂಚವನ್ನೂ ಬಿದ್ದ ಹೊನ್ನನ್ನೂ ಒಂದೇ ಉಸಿರಿನಲ್ಲಿ ಎಣಿಸಿರುವುದೂ ಗಮನಾರ್ಹ. ಒಂದರಲ್ಲಿ ಕೊಡುವವನಿದ್ದಾನೆ, ಇನ್ನೊಂದರಲ್ಲಿ ಇಲ್ಲ, ಆದರೆ ಚಾಚುವ ಕೈ ಒಂದೇ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ವೃತ್ತಾಂತವು ಇನ್ನೂ ಮುಂದೆ ಹೋಗುತ್ತದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನ ಕಾಯಕ. ಆ ಅಕ್ಕಿಯನ್ನು ಯಾರೂ ಕೇಳುವವರಿಲ್ಲ, ಯಾವ ಶಾಸ್ತ್ರದ ಪ್ರಕಾರವೂ ಅದು ಅಪಹಾರವಲ್ಲ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಇಲ್ಲಿ ಪ್ರಶ್ನೆ ಒಡೆಯನಾರೆಂಬುದಲ್ಲ, ಅಂದಿನ ಅವಶ್ಯಕತೆ ಎಷ್ಟೆಂಬುದು. ಈ ಕಥೆಯನ್ನು ಬಡವರಿಗೆ ತೃಪ್ತಿಯನ್ನು ಉಪದೇಶಿಸಲು ಬಳಸುವುದನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ಅದು ಸರಿಯಾದ ಉಪಯೋಗವಲ್ಲ. ಲಕ್ಕಮ್ಮನಿಗೆ ಯಾರೂ ಆಜ್ಞಾಪಿಸಿರಲಿಲ್ಲ. ತನ್ನ ಮನೆಯ ಅಳತೆಯನ್ನು ತಾನೇ ಗೊತ್ತುಮಾಡಿಕೊಂಡವಳು ಆಕೆ. ಬೊಕ್ಕಸಕ್ಕಾಗಿ ಬಡವನಿಂದ ಬೇಡಿದ ಪ್ರಾಮಾಣಿಕತೆಗೂ ಇದಕ್ಕೂ ಬಹಳ ಅಂತರವಿದೆ.

ಅವಶ್ಯಕತೆಯ ಪ್ರಶ್ನೆಯನ್ನು ನ್ಯಾಯಶಾಸ್ತ್ರದೊಳಗೇ ತಂದ ಒಂದು ಪದ್ಧತಿಯೂ ಭಾರತದಲ್ಲಿ ನಡೆಯಿತು. ಮುಸ್ಲಿಂ ಅರಸರ ಕಾಲದಲ್ಲಿ ಪ್ರಚಾರದಲ್ಲಿದ್ದ ಹನಫಿ ಧರ್ಮಶಾಸ್ತ್ರದಲ್ಲಿ ಕಂಡುಕೊಂಡ ವಸ್ತುವಿಗೆ ಲುಕತಾ ಎಂದು ಹೆಸರು. ಹಿದಾಯಾ ಗ್ರಂಥದ ಪ್ರಕಾರ ಬೆಲೆ ಹತ್ತು ದಿರ್ಹಮಿಗಿಂತ ಕಡಮೆಯಾದರೆ ಕೆಲವು ದಿನ, ಹೆಚ್ಚಾದರೆ ಒಂದು ವರ್ಷ ಸಾರಬೇಕು. ಒಡೆಯನು ಬಾರದಿದ್ದರೆ ಕಂಡುಕೊಂಡವನು ಶ್ರೀಮಂತನಾದರೆ ಅದನ್ನು ದಾನಮಾಡಬೇಕು. ಬಡವನಾದರೆ ತಾನೇ ಉಪಯೋಗಿಸಬಹುದು. ಆಮೇಲೆ ಒಡೆಯನು ಬಂದರೆ ದಾನವನ್ನು ಒಪ್ಪಿಕೊಂಡು ಪುಣ್ಯವನ್ನು ಪಡೆಯಬಹುದು, ಒಪ್ಪದಿದ್ದರೆ ಬೆಲೆಯನ್ನು ಕೇಳಬಹುದು. ದಾನವನ್ನು ನಿಷೇಧಿಸಿದ ಜೈನಗ್ರಂಥಕ್ಕೂ ದಾನವನ್ನು ವಿಧಿಸಿದ ಈ ಗ್ರಂಥಕ್ಕೂ ಇರುವ ಭೇದ ಚಿಂತನೀಯ. ಮನುವು ಕಂಡುಕೊಂಡವನ ವರ್ಣವನ್ನು ಕೇಳುತ್ತಾನೆ, ಹಿದಾಯಾ ಅವನ ಬಡತನವನ್ನು ಕೇಳುತ್ತದೆ.

ಮತ್ತೆ ತಾಮ್ರಶಾಸನಕ್ಕೆ ಹಿಂದಿರುಗಬಹುದು. ರಾಜನಿಗೆ ನಿಧಿಯ ಮೇಲೆ ಹಕ್ಕಿದ್ದುದರಿಂದಲೇ ಅದನ್ನು ದಾನಮಾಡಲು ಸಾಧ್ಯವಾಯಿತು. ಐದನೆಯ ಶತಮಾನದ ವಾಕಾಟಕ ಪ್ರವರಸೇನನ ಚಮ್ಮಕ್ ಶಾಸನದಲ್ಲಿಯೇ ನಿಧಿ ಉಪನಿಧಿಗಳೊಡನೆ ಗ್ರಾಮವನ್ನು ಕೊಟ್ಟ ಮಾತಿದೆ. ಸಾವಿರ ವರ್ಷಗಳ ಅನಂತರ ವಿಜಯನಗರದ ಶಾಸನಗಳಲ್ಲಿ ಅದು ಅಷ್ಟಭೋಗದ ಪಟ್ಟಿಯ ತಲೆಯಲ್ಲಿ ಕುಳಿತಿದೆ. ಇದರ ಫಲವೇನೆಂದರೆ, ಅಗ್ರಹಾರದಲ್ಲಿ ಭೂಮಿಯ ಮೇಲಿನ ಬೆಳೆಯಂತೆ ಭೂಮಿಯ ಒಳಗಿನ ಹೊನ್ನೂ ವೃತ್ತಿವಂತರಿಗೆ ಸೇರಿತು. ಶಾಸ್ತ್ರದಲ್ಲಿ ರಾಜ ಮತ್ತು ಕಂಡುಕೊಂಡವನು ಎಂಬ ಇಬ್ಬರು ಪಾಲುಗಾರರಿದ್ದರು. ಶಾಸನದಲ್ಲಿ ಕೊಟ್ಟವನ ಮತ್ತು ಪಡೆದವನ ಹೆಸರುಗಳಿವೆ, ಷಷ್ಠಾಂಶದ ಮಾತೇ ಇಲ್ಲ. ನನ್ನ ವಿದ್ಯಾರ್ಥಿಯ ಪ್ರಶ್ನೆ ಎತ್ತಿ ತೋರಿಸಿದುದು ಈ ಮೌನವನ್ನೇ.

ಬ್ರಿಟಿಷ್ ಆಳ್ವಿಕೆಯಲ್ಲಿ ಈ ವ್ಯವಸ್ಥೆಯ ತಳಹದಿಯೇ ಬದಲಾಯಿತು. 1860ರ ಭಾರತ ದಂಡಸಂಹಿತೆಯ 403ನೆಯ ಪ್ರಕರಣವು ಕಂಡುಕೊಂಡವನ ಮನಸ್ಸನ್ನು ಮೊದಲ ಬಾರಿಗೆ ನ್ಯಾಯಾಲಯದ ಕಟಕಟೆಗೆ ತಂದಿತು. ರಾಜಮಾರ್ಗದಲ್ಲಿ ಬಿದ್ದ ಒಂದು ರೂಪಾಯಿಯನ್ನು ಯಾರದೆಂದು ತಿಳಿಯದೆ ಎತ್ತಿಕೊಂಡವನು ಅಪರಾಧಿಯಲ್ಲ. ಬೆಲೆಬಾಳುವ ಉಂಗುರವನ್ನು ಕಂಡು, ಒಡೆಯನನ್ನು ಹುಡುಕುವ ಯತ್ನವನ್ನೇ ಮಾಡದೆ ಕೂಡಲೆ ಮಾರಿದವನು ಅಪರಾಧಿ. ಒಡೆಯನನ್ನು ಕಂಡುಹಿಡಿಯಬಹುದೆಂದು ಅವನಿಗೆ ಗೊತ್ತಿತ್ತೆ, ಯುಕ್ತವಾದ ಪ್ರಯತ್ನವನ್ನು ಮಾಡಿದನೆ, ತಕ್ಕಷ್ಟು ಕಾಲ ಕಾದನೆ ಎಂಬುವೇ ಇಲ್ಲಿಯ ಪ್ರಶ್ನೆಗಳು. ಮನುವು ಪರೀಕ್ಷಿಸಿದುದು ಕೇಳಿಕೊಂಡು ಬಂದವನನ್ನು. ಈ ಸಂಹಿತೆ ಪರೀಕ್ಷಿಸಿದುದು ಎತ್ತಿಕೊಂಡವನನ್ನು. 1872ರ ಕರಾರು ಕಾಯಿದೆಯು ಅವನಿಗೆ ವಸ್ತುವನ್ನು ಜೋಪಾನಮಾಡುವ ಹೊಣೆಯನ್ನು ಹೊರಿಸಿತು. ದಂಡಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ; ಈ ವಿಧಿ ಅದರ 314ನೆಯ ಪ್ರಕರಣವಾಗಿ ಮುಂದುವರಿದಿದೆ.

ನಿಧಿಗೆ ಬೇರೆಯೇ ಕಾಯಿದೆ ಬಂದಿತು. 1878ರ ನಿಧಿ ಕಾಯಿದೆಯ ಮೂಲಪಾಠದ ಪ್ರಕಾರ ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗೆ ಮೀರಿದ ಬೆಲೆಯ ಯಾವ ವಸ್ತು ಸಿಕ್ಕಿದರೂ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು; ವಸ್ತುವನ್ನು ಖಜಾನೆಯಲ್ಲಿ ಇಡಬೇಕು ಅಥವಾ ಜಾಮೀನು ಕೊಡಬೇಕು. ಕಲೆಕ್ಟರು ಪ್ರಕಟಣೆ ಹೊರಡಿಸಿ, ಹಕ್ಕುದಾರರು ಹಾಜರಾಗಲು ನಾಲ್ಕು ತಿಂಗಳಿಗೆ ಮೊದಲಲ್ಲದ, ಆರು ತಿಂಗಳಿಗೆ ಮೀರದ ಒಂದು ದಿನವನ್ನು ಗೊತ್ತುಮಾಡಬೇಕು. ನೂರು ವರ್ಷಗಳ ಒಳಗೆ ಹೂತಿಟ್ಟುದೆಂದು ತೋರಿದರೆ ಒಡೆಯರು ಸಿವಿಲ್ ನ್ಯಾಯಾಲಯಕ್ಕೆ ಹೋಗಲು ಅವಕಾಶವಿದೆ. ಒಡೆಯನಿಲ್ಲವೆಂದು ಘೋಷಿಸಿದ ಮೇಲೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮುಕ್ಕಾಲು ಭಾಗ ಕಂಡುಕೊಂಡವನಿಗೆ, ಕಾಲುಭಾಗ ನೆಲದ ಒಡೆಯನಿಗೆ. ತಿಳಿಸದೆ ಬಚ್ಚಿಟ್ಟರೆ ಪಾಲು ನಷ್ಟವಾಗುವುದಲ್ಲದೆ ಒಂದು ವರ್ಷದವರೆಗೆ ಸೆರೆಮನೆ. ವರ್ಣದ ಪ್ರಶ್ನೆ ಇಲ್ಲಿ ಪೂರ್ತಿಯಾಗಿ ಹೊರಟುಹೋಯಿತು. ಆರರಲ್ಲಿ ಒಂದಿದ್ದ ಪಾಲು ನಾಲ್ಕರಲ್ಲಿ ಮೂರಕ್ಕೆ ಏರಿತು. ಪರರಾಜ್ಯದ ಕಾಯಿದೆಯೆಂದು ಇದನ್ನು ಹೀಗಳೆಯಲು ಕಾರಣವಿಲ್ಲ.

ಆದರೂ ಸಿಕ್ಕಿದ ನಿಧಿಗಳೆಲ್ಲ ಸರಕಾರಕ್ಕೆ ತಲಪಲಿಲ್ಲ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ಸಿಕ್ಕಿದ 163 ರೋಮನ್ ಬೆಳ್ಳಿನಾಣ್ಯಗಳು ವಿದ್ವಾಂಸರ ಕೈಗೆ ಬಂದು ದಕ್ಷಿಣ ಭಾರತದ ವಿದೇಶವಾಣಿಜ್ಯದ ಇತಿಹಾಸಕ್ಕೆ ಸಾಮಗ್ರಿಯಾದುವು. ಎಲ್ಲ ನಾಣ್ಯರಾಶಿಗಳಿಗೂ ಆ ಭಾಗ್ಯ ಒದಗಲಿಲ್ಲವೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನವು ಕರ್ನಾಟಕದ ಹೊರಗಿನದು. 1946ರ ಫೆಬ್ರವರಿಯಲ್ಲಿ ಭರತಪುರ ಸಂಸ್ಥಾನದ ಬಯಾನಾ ಸಮೀಪದ ಹಳ್ಳಿಯೊಂದರಲ್ಲಿ ಗುಪ್ತರ ಚಿನ್ನದ ನಾಣ್ಯಗಳು ತುಂಬಿದ ತಾಮ್ರದ ಪಾತ್ರೆಯೊಂದು ಹೊರಬಿದ್ದಿತು. ಹಳ್ಳಿಗರು ತಮ್ಮ ತಮ್ಮಲ್ಲಿ ಹಂಚಿಕೊಂಡರು; ಕೆಲವನ್ನು ಕರಗಿಸಿದರು. ಸಂಸ್ಥಾನದ ಅಧಿಕಾರಿಗಳಿಗೆ ಸುದ್ದಿ ತಲಪಿದ ಮೇಲೆ 1,821 ನಾಣ್ಯಗಳು ವಶವಾದುವು. ಗುಪ್ತರ ಚಿನ್ನದ ನಾಣ್ಯಗಳು ಒಂದೆಡೆ ಇಷ್ಟು ಸಂಖ್ಯೆಯಲ್ಲಿ ಮತ್ತೆಲ್ಲಿಯೂ ದೊರೆತಿಲ್ಲ. ರಾಷ್ಟ್ರಕೂಟರ ಇತಿಹಾಸದಿಂದ ಕರ್ನಾಟಕದ ವಿದ್ಯಾರ್ಥಿಗಳಿಗೆ ಪರಿಚಿತರಾದ ಅನಂತ ಸದಾಶಿವ ಅಳ್ತೇಕರರು ಇವನ್ನು ಪರೀಕ್ಷಿಸಿ 1954ರಲ್ಲಿ ವಿವರವಾದ ಸೂಚಿಯನ್ನು ಪ್ರಕಟಿಸಿದರು. ಇಮ್ಮಡಿ ಚಂದ್ರಗುಪ್ತನ ಚಕ್ರವಿಕ್ರಮ ಮಾದರಿಯ ನಾಣ್ಯವು ಬೆಳಕಿಗೆ ಬಂದುದು ಈ ರಾಶಿಯಿಂದಲೇ, ಅದೂ ಒಂದೇ ಒಂದು. ಕುಲುಮೆಗೆ ಹೋದ ನಾಣ್ಯಗಳಲ್ಲಿ ಇಂತಹ ಇನ್ನೆಷ್ಟು ಮಾದರಿಗಳಿದ್ದುವೋ ಎಂಬ ಯೋಚನೆ ನಾಣ್ಯಶಾಸ್ತ್ರದ ವಿದ್ಯಾರ್ಥಿಯ ನಿದ್ದೆಯನ್ನು ಕೆಡಿಸತಕ್ಕದ್ದು.

ಹಳ್ಳಿಗರ ಅಜ್ಞಾನವನ್ನು ಹಳಿಯುವುದು ಇಂತಹ ಸಂದರ್ಭದಲ್ಲಿ ವಿದ್ವಾಂಸರ ರೂಢಿ. ನನಗೆ ಅದರಲ್ಲಿ ಅರ್ಧ ಮಾತ್ರ ಸಮ್ಮತಿ. ಬಯಾನಾ ಪ್ರಸಂಗವು ಸಂಸ್ಥಾನದೊಳಗೆ ನಡೆದುದು, ಅದನ್ನು ಬಿಡೋಣ. 1878ರ ಕಾಯಿದೆಯ ನೆಲದಲ್ಲಿಯೇ ಒಬ್ಬ ಕೂಲಿಗೆ ಗುಪ್ತರ ಒಂದು ದೀನಾರ, ಎಂದರೆ ಸುಮಾರು 8 ಗ್ರಾಂ ತೂಕದ ಚಿನ್ನ, ಸಿಕ್ಕಿತೆಂದು ಭಾವಿಸೋಣ. ಅವನು ಕಲೆಕ್ಟರಿಗೆ ಬರೆದು ತಿಳಿಸಬೇಕು. ಬರೆಯಲು ಬಾರದಿದ್ದರೆ ಬರೆಯಿಸಬೇಕು. ಬರೆಯುವವನು ಮೊದಲ ಪಾಲುಗಾರ. ಅಲ್ಲಿಂದ ಕನಿಷ್ಠ ನಾಲ್ಕು ತಿಂಗಳು ಕಾಯಬೇಕು. ಆ ಅವಧಿಯಲ್ಲಿ ಶಾಕುಂತಲದ ಕಾವಲುಗಾರರಂತಹವರು ಅವನ ಮನೆಗೆ ಬಂದು, ಇನ್ನುಳಿದುದು ಎಲ್ಲಿ ಎಂದು ಕೇಳದಿರುವುದಿಲ್ಲ. ಕಾಯಿದೆಯ 16ನೆಯ ಪ್ರಕರಣದಂತೆ ಸರಕಾರವು ಆ ನಾಣ್ಯವನ್ನು ತನ್ನದಾಗಿಸಿಕೊಳ್ಳಲು ಇಚ್ಛಿಸಿದರೆ ಲೋಹದ ಬೆಲೆಯನ್ನೂ ಅದರ ಐದನೆಯ ಒಂದು ಭಾಗವನ್ನೂ ಸೇರಿಸಿ ಕೊಡಬೇಕು. ನಾಣ್ಯವು ಜಗತ್ತಿನಲ್ಲಿ ಒಂದೇ ಒಂದಾಗಿದ್ದರೂ ಲೆಕ್ಕ ಅಷ್ಟೇ: 8 ಗ್ರಾಂ ಚಿನ್ನ ಮತ್ತು ಅದರ ಮೇಲೆ ಐದರಲ್ಲಿ ಒಂದು. ಅದರಲ್ಲಿಯೂ ಕಾಲುಭಾಗ ನೆಲದ ಒಡೆಯನಿಗೆ. ಉಳಿದುದು ಚಿನ್ನದ ಬೆಲೆಯ ಹತ್ತರಲ್ಲಿ ಒಂಬತ್ತು ಭಾಗ. ಅಕ್ಕಸಾಲಿಗನು ಅದೇ ಸಂಜೆ, ಯಾವ ಕಾಗದವನ್ನೂ ಕೇಳದೆ, ಚಿನ್ನವನ್ನು ತೂಗಿ ಹಣ ಎಣಿಸುತ್ತಾನೆ.